ಹೊಲ ಒತ್ತಿ ಇಟ್ಟು ಕ್ಲೌಡ್ ಕಲಿಯಬೇಕಾ?

ನಮ್ಮ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಪದ ಯಾವುದು ಅಂತ ಕೇಳಿದರೆ ನಾವು 'ಸರ್ವರ್' ಅಂತ ಹೇಳುತ್ತೇವೆ. ಓದು ಬರಹ ಬಾರದ ಅಜ್ಜಿಗೂ ಅದು ಗೊತ್ತು. ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ಕೂತವರಿಗೆ ಗೊತ್ತು. ಪಹಣಿ ತೆಗೆಸಲು ಬಸ್ಸು ಹತ್ತಿ ತಾಲ್ಲೂಕಿಗೆ ಹೋದವರಿಗೂ ಗೊತ್ತು. "ಸರ್ವರ್ ಇಲ್ರೀ, ನಾಳಿಗೆ ಬರ್ರಿ" ಅಂದರೆ ಮುಗಿಯಿತು, ಒಂದು ದಿನದ ಕೂಲಿ ಹೋಯಿತು. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕುವ ದಿನಗಳಲ್ಲಿ ರಾಜ್ಯದ ಉದ್ದಗಲಕ್ಕೂ ಈ ಮಾತು ಕೇಳಿಬಂತು.

ಆ ಸರ್ವರ್ ಎಲ್ಲಿದೆ? ಅದನ್ನು ಯಾರು ಕಾಯುತ್ತಾರೆ? ಅದು ನಿಂತಾಗ ರಾತ್ರಿ ಎರಡಕ್ಕೆ ಎದ್ದು ಕೂರುವವರು ಯಾರು? ಆ ಕೆಲಸ ಮಾಡುವವರಿಗೆ ಈಗ ಒಂದು ಹೆಸರಿದೆ, ಕ್ಲೌಡ್ ಇಂಜಿನಿಯರ್. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರ ಮೊಬೈಲಿಗೆ ದಿನಕ್ಕೆ ಹತ್ತು ಸಲ ಬರುವ ಜಾಹೀರಾತಿನಲ್ಲೂ ಅದೇ ಹೆಸರಿದೆ.

ಕೆಲ ತಿಂಗಳ ಹಿಂದೆ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಳೆ ಸುದ್ದಿ ಬರೆಯಲು ಹೋಗಿದ್ದೆವು. ಮಾತು ಮುಗಿಸಿ ಹೊರಡುವಾಗ ಒಬ್ಬ ಹಿರಿಯರು ನಮ್ಮನ್ನು ಕಟ್ಟೆ ಮೇಲೆ ಕೂರಿಸಿಕೊಂಡರು. ಮಗನ ಬಿಸಿಎ ಮುಗಿದಿದೆ. ಬೆಂಗಳೂರಿನ ಒಂದು ಸಂಸ್ಥೆಯವರು ಫೋನ್ ಮಾಡಿದ್ದಾರೆ. ಆರು ತಿಂಗಳ ಕ್ಲೌಡ್ ಕೋರ್ಸು, ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ, ಕೆಲಸ ನೂರಕ್ಕೆ ನೂರು ಗ್ಯಾರಂಟಿ ಅಂತೆ. ಅದರ ಮೇಲೆ ರೂಮು, ಊಟ ಬೇರೆ. ಅವರು ಕೇಳಿದ್ದು ಇಷ್ಟೇ: "ಎರಡು ಎಕರೆ ಒತ್ತಿ ಇಡಬೇಕಾಗ್ತೈತ್ರಿ. ಇಡ್ಲೇನು?"

ನಾವು ಪತ್ರಿಕೋದ್ಯಮ ಓದಿದವರು, ಇಂಜಿನಿಯರುಗಳಲ್ಲ. ಅವತ್ತು ಉತ್ತರ ಹೇಳಲು ಆಗಲಿಲ್ಲ. "ಕೇಳಿ ಹೇಳ್ತೀವ್ರಿ, ಅಲ್ಲಿತನಕ ಯಾರಿಗೂ ರೊಕ್ಕ ಕೊಡಬ್ಯಾಡ್ರಿ" ಅಂತ ಹೇಳಿ ಬಂದೆವು. ಆಮೇಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆಯಿಂದ ಹೋಗಿ ಬೆಂಗಳೂರು, ಹೈದರಾಬಾದಿನಲ್ಲಿ ಇದೇ ಕೆಲಸ ಮಾಡುತ್ತಿರುವ ಪರಿಚಯದವರನ್ನು ಕೇಳಿದೆವು. ಹೋಗಿ ಕೈ ಸುಟ್ಟುಕೊಂಡು ಬಂದವರನ್ನೂ ಕೇಳಿದೆವು. ಈ ಬರಹ ಆ ಹಿರಿಯರಿಗೆ ನಮ್ಮ ಉತ್ತರ. ಅದೇ ಪ್ರಶ್ನೆ ಇಟ್ಟುಕೊಂಡು ಕೂತಿರುವ ಉಳಿದ ಮನೆಗಳಿಗೂ ಇದೇ ಉತ್ತರ.

ಕ್ಲೌಡ್ ಅಂದರೆ ಏನು?

ಹೆಸರು ಮೋಡ ಅಂತಿದ್ದರೂ ಮೇಲೆ ಆಕಾಶದಲ್ಲಿ ಏನೂ ಇಲ್ಲ. ಎಲ್ಲವೂ ನೆಲದ ಮೇಲೆಯೇ ಇದೆ.

ಕೃಷಿ ಯಂತ್ರಧಾರೆ ನಿಮಗೆ ಗೊತ್ತು. ಹೋಬಳಿಯಲ್ಲಿ ಒಂದು ಕೇಂದ್ರ, ಅಲ್ಲಿ ಟ್ರ್ಯಾಕ್ಟರ್, ರೋಟವೇಟರ್, ಬಿತ್ತುವ ಕೂರಿಗೆ. ಬೇಕಾದಾಗ ಬಾಡಿಗೆಗೆ ತರುತ್ತೀರಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಿ, ವಾಪಸ್ ಕಳಿಸುತ್ತೀರಿ. ಗಂಗಾವತಿ, ಕಾರಟಗಿ ಕಡೆ ಭತ್ತ ಕೊಯ್ಯುವ ಮಷಿನ್ನೂ ಹಾಗೆಯೇ. ನಾಲ್ಕು ಎಕರೆ ಭತ್ತಕ್ಕೆ ಯಾರೂ ಲಕ್ಷಾಂತರ ರೂಪಾಯಿ ಹಾಕಿ ಮಷಿನ್ ಕೊಳ್ಳುವುದಿಲ್ಲ.

ಕ್ಲೌಡ್ ಅಂದರೆ ಕಂಪ್ಯೂಟರ್‌ಗಳ ಯಂತ್ರಧಾರೆ. ಮೊದಲು ಒಂದು ಬ್ಯಾಂಕಿಗೋ ಕಂಪನಿಗೋ ಕಂಪ್ಯೂಟರ್ ವ್ಯವಸ್ಥೆ ಬೇಕೆಂದರೆ ತಾವೇ ಸರ್ವರ್ ಕೊಂಡು, ಏಸಿ ಕೋಣೆ ಕಟ್ಟಿಸಿ, ಜನರೇಟರ್ ಇಟ್ಟು, ಆಳು ನೇಮಿಸಬೇಕಿತ್ತು. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಕಂಪ್ಯೂಟರ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿತು. ಮೈಕ್ರೋಸಾಫ್ಟ್, ಗೂಗಲ್ ಅದೇ ದಾರಿ ಹಿಡಿದವು. ನಮ್ಮ ದೇಶದಲ್ಲಿ 2015ರಲ್ಲಿ ಮೈಕ್ರೋಸಾಫ್ಟ್, 2016ರಲ್ಲಿ ಮುಂಬೈಯಲ್ಲಿ ಅಮೆಜಾನ್, 2017ರಲ್ಲಿ ಗೂಗಲ್ ತಮ್ಮ ಕೇಂದ್ರಗಳನ್ನು ತೆರೆದವು. 2022ರಲ್ಲಿ ಅಮೆಜಾನಿನ ಎರಡನೇ ಕೇಂದ್ರ ಹೈದರಾಬಾದಿಗೆ ಬಂತು. ಕೇಂದ್ರ ಸರ್ಕಾರಕ್ಕೂ 'ಮೇಘರಾಜ್' ಅನ್ನುವ ತನ್ನದೇ ಕ್ಲೌಡ್ ಇದೆ.

ನೀವು ಫೋನ್‌ಪೇಯಲ್ಲಿ ದುಡ್ಡು ಕಳಿಸಿದಾಗ, ಡಿಜಿಲಾಕರ್‌ನಲ್ಲಿ ಮಾರ್ಕ್ಸ್ ಕಾರ್ಡ್ ತೆಗೆದಾಗ, ವಾಟ್ಸಾಪ್‌ನಲ್ಲಿ ಮದುವೆ ಫೋಟೊ ನೋಡಿದಾಗ ಇಂಥ ಯಾವುದೋ ಕಟ್ಟಡದಲ್ಲಿರುವ ಯಾವುದೋ ಕಂಪ್ಯೂಟರ್ ಕೆಲಸ ಮಾಡಿರುತ್ತದೆ. ಆ ಬಾಡಿಗೆ ಕಂಪ್ಯೂಟರ್‌ಗಳನ್ನು ಸರಿಯಾಗಿ ಜೋಡಿಸಿ, ನಡೆಸಿ, ಕಾಯುವವರೇ ಕ್ಲೌಡ್ ಇಂಜಿನಿಯರ್.

19ನೇ ಗೇಟು ನೆನಪಿದೆಯಾ?

ಈ ಕೆಲಸ ಏನು ಅಂತ ನಮಗೆ ಸರಿಯಾಗಿ ಅರ್ಥ ಮಾಡಿಸಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ತುಂಗಭದ್ರಾ ಡ್ಯಾಮು.

2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಮಿಗೆ ಇರುವುದು 33 ಗೇಟು. ಒಂದು ಹೋದದ್ದಕ್ಕೆ, ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನೂ ತೆರೆದು ತುಂಬಿದ ನೀರನ್ನು ಹೊಳೆಗೆ ಬಿಡಬೇಕಾಯಿತು. ಮುನಿರಾಬಾದಿನಿಂದ ಕಾರಟಗಿವರೆಗೆ, ಅದರಾಚೆ ಸಿಂಧನೂರು, ಮಾನ್ವಿವರೆಗೆ ಭತ್ತ ನಾಟಿ ಮಾಡಿದವರಿಗೆ ನಿದ್ದೆ ಇರಲಿಲ್ಲ. ತಕ್ಷಣ ಕೂರಿಸಲು ಬದಲಿ ಗೇಟು ಸಿದ್ಧವಿರಲಿಲ್ಲ. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಮತ್ತೆ ಮಳೆ ಬಂತು, ಡ್ಯಾಮು ತುಂಬಿತು, ನಾವು ಬದುಕಿದೆವು.

ಕ್ಲೌಡ್ ಕೆಲಸದ ಮೂಲ ಪಾಠವೆಲ್ಲ ಆ ಒಂದು ವಾರದಲ್ಲಿದೆ. ಯಾವುದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ ಅಂತ ಮೊದಲೇ ಹುಡುಕಿ ಇಡಬೇಕು. ಅದಕ್ಕೊಂದು ಬದಲಿ ಇರಬೇಕು. ಚೈನು ಸವೆಯುತ್ತಿದೆ ಅಂತ ತುಂಡಾಗುವ ಮೊದಲೇ ಗೊತ್ತಾಗಬೇಕು. ಆದರೂ ಕೆಟ್ಟರೆ ಯಾರು ಬರಬೇಕು, ಏನು ಮೊದಲು ಮಾಡಬೇಕು ಅನ್ನುವುದು ಬರೆದಿಟ್ಟಿರಬೇಕು. ಗೇಟಿನ ಜಾಗದಲ್ಲಿ ಸರ್ವರ್ ಅಂತ ಇಟ್ಟು ಓದಿ, ಕ್ಲೌಡ್ ಇಂಜಿನಿಯರ್ ದಿನವಿಡೀ ಏನು ಮಾಡುತ್ತಾನೆ ಅನ್ನುವುದು ತಿಳಿಯುತ್ತದೆ.

ಇನ್ನೊಂದು ಉದಾಹರಣೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ದಿನಗಟ್ಟಲೆ ಕುಂಟಿತು. ಖರೀದಿಪತ್ರ ಮಾಡಿಸಲು ಬಂದವರು ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕಾದು ಕೂತರು. ಯಾರೋ ಬೇಕಂತಲೇ ಒಂದೇ ಸಮನೆ ಸಾವಿರಾರು ಸುಳ್ಳು ಕೋರಿಕೆ ಕಳಿಸಿ ವ್ಯವಸ್ಥೆಗೆ ಉಸಿರುಗಟ್ಟಿಸಿದ್ದಾರೆ ಅಂತ ಸರ್ಕಾರವೇ ಹೇಳಿತು, ಪೊಲೀಸ್ ದೂರೂ ಆಯಿತು. ಸಂತೆ ದಾರಿಯಲ್ಲಿ ಖಾಲಿ ಚಕ್ಕಡಿ ನಿಲ್ಲಿಸಿ ದಾರಿ ಕಟ್ಟಿದ ಹಾಗೆ. ಯಾವ ಚಕ್ಕಡಿ ನಿಜ, ಯಾವುದು ಸುಳ್ಳು ಅಂತ ಗುರುತಿಸಿ ದಾರಿ ಬಿಡಿಸುವುದೂ ಇದೇ ಕೆಲಸದ ಭಾಗ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕೇಂದ್ರದಲ್ಲಿ ಡಿಎನ್‌ಎಸ್ ಕೆಟ್ಟಿತು. ಡಿಎನ್‌ಎಸ್ ಅಂದರೆ ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಊರಿನ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಕಂಪ್ಯೂಟರ್‌ಗಳು ಚೆನ್ನಾಗಿಯೇ ಇದ್ದವು, ಆದರೆ ಒಂದಕ್ಕೊಂದರ ಮನೆ ಸಿಗಲಿಲ್ಲ. ಜಗತ್ತಿನ ಎಷ್ಟೋ ಆ್ಯಪ್‌ಗಳು ಗಂಟೆಗಟ್ಟಲೆ ನಿಂತವು. ಇದನ್ನು ಯಾಕೆ ಹೇಳುತ್ತಿದ್ದೇವೆ ಅಂದರೆ, ಡಿಎನ್‌ಎಸ್ ಅನ್ನುವುದು ಡಿಪ್ಲೊಮಾ, ಬಿಸಿಎ ಪಠ್ಯದಲ್ಲೇ ಬರುವ ಪಾಠ. ನಮ್ಮ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಡುವ ಪಾಠ. ಮುಂದೆ ಅನ್ನ ಕೊಡುವುದು ಇಂಥ ಪಾಠಗಳೇ.

ಜಾಹೀರಾತು ಹೇಳದ ಮಾತು

ಈಗ ಕಹಿ ಮಾತು. ಕೇಳಿದವರೆಲ್ಲ ಒಂದೇ ದನಿಯಲ್ಲಿ ಹೇಳಿದ್ದು ಇದು: ಕಾಲೇಜು ಮುಗಿಸಿದ ಕೂಡಲೇ 'ಕ್ಲೌಡ್ ಇಂಜಿನಿಯರ್' ಅನ್ನುವ ಕೆಲಸ ಬಹಳ ಕಡಿಮೆ ಜನಕ್ಕೆ ಸಿಗುತ್ತದೆ.

ಕಾರಣ ಸರಳ. ಬ್ಯಾಂಕಿನ ಸರ್ವರಿನ ಕೀಲಿಕೈಯನ್ನು ನಿನ್ನೆ ಬಂದ ಹುಡುಗನ ಕೈಗೆ ಯಾರೂ ಕೊಡುವುದಿಲ್ಲ. ಹೆಚ್ಚಿನವರು ಮೊದಲು ಹೆಲ್ಪ್‌ಡೆಸ್ಕ್, ಟೆಕ್ನಿಕಲ್ ಸಪೋರ್ಟ್, ನೆಟ್‌ವರ್ಕ್ ನಿಗಾ ಕೇಂದ್ರ, ಲಿನಕ್ಸ್ ಅಡ್ಮಿನ್ ಅನ್ನುವ ಮೆಟ್ಟಿಲು ಹತ್ತುತ್ತಾರೆ. ಎರಡು ಮೂರು ವರ್ಷ ಅಲ್ಲಿ ದುಡಿದ ಮೇಲೆ ಕ್ಲೌಡ್ ಕಡೆ ಹೊರಳುತ್ತಾರೆ. ರಾತ್ರಿ ಪಾಳಿ ಇರುತ್ತದೆ, ಹಬ್ಬದ ದಿನವೂ ಫೋನ್ ಬರುತ್ತದೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು ಅನ್ನುವ ಸಂಬಳ ಬಹಳ ವರ್ಷಗಳಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಬೆಂಗಳೂರಿನ ಬಾಡಿಗೆ ಮಾತ್ರ ಅಲ್ಲಿ ನಿಂತಿಲ್ಲ. ಮೊದಲ ವರ್ಷ ಊರಿಗೆ ದುಡ್ಡು ಕಳಿಸುವುದು ಕಷ್ಟ. ಹೊಲ ಒತ್ತಿ ಇಟ್ಟ ಮನೆಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕು. ಬಡ್ಡಿ ಮೊದಲ ತಿಂಗಳಿಂದಲೇ ಓಡುತ್ತದೆ, ಸಂಬಳ ಯಾವಾಗ ಬರುತ್ತದೆ ಅಂತ ಹೇಳಲಾಗದು.

ಇನ್ನು ಎಐ. ಚಿಕ್ಕಪುಟ್ಟ ಕೆಲಸವನ್ನು ಈಗ ಯಂತ್ರವೇ ಮಾಡುತ್ತಿದೆ, ಆದ್ದರಿಂದ ಬಾಯಿಪಾಠದವರಿಗೆ ಜಾಗ ಕಿರಿದಾಗುತ್ತಿದೆ. ಆದರೆ ಆ ಎಐ ಓಡುವುದೂ ಕ್ಲೌಡ್ ಕೇಂದ್ರಗಳಲ್ಲೇ. ಮೂಲ ತಿಳಿದವರಿಗೆ ಕೆಲಸ ಇದ್ದೇ ಇರುತ್ತದೆ ಅನ್ನುವುದು ನಮ್ಮ ಅಭಿಪ್ರಾಯ. ಗ್ಯಾರಂಟಿ ಅಂತ ಮಾತ್ರ ನಾವೂ ಹೇಳುವುದಿಲ್ಲ.

ಇನ್ನೊಂದು ಸತ್ಯ ನಮ್ಮ ಭಾಗದವರು ಮರೆಯಬಾರದು. 2013ರಲ್ಲಿ ಬಂದ 371 ಜೆ ನಮಗೆ ದೊಡ್ಡ ಆಸರೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಭಾಗದವರಿಗೆ, ಹೊರಗಿನ ಜಿಲ್ಲೆಗಳಲ್ಲಿ ನೂರಕ್ಕೆ 8. ಅದರಿಂದ ಎಷ್ಟೋ ಮನೆಗಳ ಮೊದಲ ಇಂಜಿನಿಯರ್, ಮೊದಲ ಡಾಕ್ಟರ್ ಬಂದಿದ್ದಾರೆ. ಸರ್ಕಾರಿ ನೌಕರಿಯಲ್ಲೂ ಅದು ಕೈ ಹಿಡಿಯುತ್ತದೆ. ಆದರೆ ಖಾಸಗಿ ಕಂಪನಿಯ ಸಂದರ್ಶನದ ಕೋಣೆಯೊಳಗೆ 371 ಜೆ ಬರುವುದಿಲ್ಲ. ಸೀಟಿನವರೆಗೆ ಕಾಯ್ದೆ ಕರೆದುಕೊಂಡು ಹೋಗುತ್ತದೆ, ಅಲ್ಲಿಂದ ಮುಂದೆ ಕೈಯಲ್ಲಿರುವ ಕೆಲಸವೇ ಮಾತಾಡಬೇಕು. ನಮ್ಮ ಕಾಲೇಜುಗಳು ಸೋಲುತ್ತಿರುವುದು ಇಲ್ಲಿ.

ಅಡ್ಡಿ ಯಾವುದು?

"ನಮ್ಮವರಿಗೆ ಇಂಗ್ಲಿಷ್ ಬರಂಗಿಲ್ರಿ, ಅದಕ್ಕ ಆಗಂಗಿಲ್ಲ" ಅನ್ನುವ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಲಿನಕ್ಸ್ ಪರದೆಯಲ್ಲಿ ಬರೆಯುವುದು ಎರಡು ಮೂರು ಅಕ್ಷರದ ಆಜ್ಞೆಗಳು. ಅದಕ್ಕೆ ವ್ಯಾಕರಣ ಇಲ್ಲ, ಉಚ್ಚಾರ ಇಲ್ಲ, ನಗುವವರೂ ಇಲ್ಲ. ತಪ್ಪಾದರೆ ಯಂತ್ರ ಒಂದು ಸಾಲಿನಲ್ಲಿ ತಪ್ಪು ತೋರಿಸುತ್ತದೆ. ಆ ಸಾಲನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಮೊದಲ ವರ್ಷಕ್ಕೆ ಸಾಕು. ಸಂದರ್ಶನಕ್ಕೆ ಮಾತಾಡುವ ಇಂಗ್ಲಿಷ್ ಬೇಕೇ ಬೇಕು, ಅದನ್ನು ಜೊತೆಜೊತೆಗೆ ಕಲಿಯಬೇಕು. ಇಂಗ್ಲಿಷ್ ಬಂದ ಮೇಲೆ ಕಂಪ್ಯೂಟರ್ ಕಲಿಯುತ್ತೇನೆ ಅಂತ ಕಾಯುತ್ತ ಕೂತರೆ ಎರಡೂ ಬರುವುದಿಲ್ಲ.

ನಿಜವಾದ ಅಡ್ಡಿ ಬೇರೆ ಇವೆ. ಒಂದು, ಲ್ಯಾಪ್‌ಟಾಪ್ ಇಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಬಹುದು, ಕೆಲಸ ಕಲಿಯಲು ಆಗದು. ಈಜುವ ವಿಡಿಯೊ ನೋಡಿ ಕಾಲುವೆಗೆ ಹಾರಿದ ಹಾಗೆ. ಎರಡು, ಕಾಲೇಜಿನ ಲ್ಯಾಬು ಸಂಜೆ ನಾಲ್ಕೂವರೆಗೆ ಬೀಗ. ಮೂರು, ಇದನ್ನು ಮಾಡಿ ತೋರಿಸುವ ಒಬ್ಬ ಅಣ್ಣ, ಒಬ್ಬ ಅಕ್ಕ ಊರಲ್ಲಿ ಇಲ್ಲ. ಬೆಂಗಳೂರಿನ ಹುಡುಗನಿಗೆ ಪಕ್ಕದ ಮನೆಯಲ್ಲೇ ಒಬ್ಬರು ಸಿಗುತ್ತಾರೆ. ಕುಷ್ಟಗಿ ಹುಡುಗಿಗೆ ಆ ಒಬ್ಬರು ಸಿಗುವುದೇ ಒಂದು ಲಕ್ಷ ಇಪ್ಪತ್ತು ಸಾವಿರದ ಕೋರ್ಸಿನಲ್ಲಿ.

ಹುಡುಗಿಯರ ಮಾತು ಬಂತು, ಅದನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಮಗನಿಗಾಗಿ ಹೊಲ ಒತ್ತಿ ಇಡುವ ಮಾತು ಬರುತ್ತದೆ, ಮಗಳಿಗಾಗಿ ಬರುವುದಿಲ್ಲ. "ಬೆಂಗಳೂರಿಗೆ ಒಬ್ಬಾಕಿನ್ನ ಹ್ಯಾಂಗ ಕಳಿಸೂದ್ರಿ?" ಅನ್ನುತ್ತಾರೆ. ಅದೇ ಮನೆಯಲ್ಲಿ ಪಿಯುಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ತೆಗೆದವಳು ಅವಳೇ ಆಗಿರುತ್ತಾಳೆ. ಮೊದಲ ಒಂದು ವರ್ಷದ ಕಲಿಕೆ ಮನೆಯಲ್ಲೇ ಕೂತು ಆಗುವಂಥದ್ದು. ಮದುವೆ ಮಾತು ಒಂದು ವರ್ಷ ಮುಂದೆ ಹಾಕಿ ಅವಳ ಕೈಗೂ ಲ್ಯಾಪ್‌ಟಾಪ್ ಕೊಡಿ ಅಂತ ಹೆತ್ತವರನ್ನು ಕೇಳಿಕೊಳ್ಳುತ್ತೇವೆ.

ಹೊಲ ಮುಟ್ಟದ ದಾರಿ

ಕೆಲಸದಲ್ಲಿರುವವರನ್ನು ಕೇಳಿ ನಾವು ಮಾಡಿಕೊಂಡ ಒಂದು ವರ್ಷದ ಲೆಕ್ಕ ಇದು. ಡಿಪ್ಲೊಮಾ, ಬಿಸಿಎ, ಬಿಎಸ್ಸಿ, ಬಿಇ ಯಾವುದೇ ಓದುತ್ತಿರಲಿ, ಮುಗಿಸಿರಲಿ, ನಡೆಯುತ್ತದೆ.

ಮೊದಲು ಒಂದು ಹಳೆಯ ಲ್ಯಾಪ್‌ಟಾಪ್, ಎಂಟು ಜಿಬಿ ರ‍್ಯಾಮ್ ಇರುವುದು. ಸೆಕೆಂಡ್ ಹ್ಯಾಂಡ್ ಸಾಕು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಗೊತ್ತಿದ್ದವರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ ಕೊಳ್ಳಿ. ಅದರಲ್ಲಿ ಉಬುಂಟು ಹಾಕಿ, ದುಡ್ಡು ಕೊಡಬೇಕಿಲ್ಲ. ಮೊದಲ ಮೂರು ತಿಂಗಳು ಬರೀ ಲಿನಕ್ಸ್ ಮತ್ತು ನೆಟ್‌ವರ್ಕ್. ಫೈಲು, ಅನುಮತಿ, ಐಪಿ ವಿಳಾಸ, ಡಿಎನ್‌ಎಸ್, ಪೋರ್ಟ್, ಫೈರ್‌ವಾಲ್. ಈ ಮೂರು ತಿಂಗಳಲ್ಲಿ ಕ್ಲೌಡ್ ಅನ್ನುವ ಪದವನ್ನೇ ಮರೆತುಬಿಡಿ.

ಆಮೇಲೆ ಎರಡು ತಿಂಗಳು ಪೈಥಾನ್ ಮತ್ತು ಶೆಲ್ ಸ್ಕ್ರಿಪ್ಟ್. ದಿನಾ ಮಾಡುವ ಕೆಲಸವನ್ನು ಯಂತ್ರಕ್ಕೆ ವಹಿಸುವಷ್ಟು ಬಂದರೆ ಸಾಕು. ಜೊತೆಗೆ ಗಿಟ್ ಕಲಿಯಿರಿ.

ಅದಾದ ಮೇಲೆ ಅಮೆಜಾನ್, ಅಜೂರ್, ಗೂಗಲ್ ಮೂರರಲ್ಲಿ ಒಂದು. ಒಂದೇ. ಒಂದು ಬಂದರೆ ಉಳಿದೆರಡು ಬೇಗ ಬರುತ್ತವೆ, ಬುಲೆಟ್ ಓಡಿಸಲು ಬಂದವನಿಗೆ ಹೀರೊ ಹೋಂಡಾ ಕಷ್ಟವಲ್ಲ. ಅಮೆಜಾನಿನವರ ಸ್ಕಿಲ್ ಬಿಲ್ಡರ್, ಮೈಕ್ರೋಸಾಫ್ಟ್ ಲರ್ನ್ ಎರಡರಲ್ಲೂ ಉಚಿತ ಪಾಠಗಳಿವೆ. ಸ್ವಯಂ ತಾಣದಲ್ಲಿ ಖರಗ್‌ಪುರ ಐಐಟಿಯ ಕ್ಲೌಡ್ ಕಂಪ್ಯೂಟಿಂಗ್ ಪಾಠವೂ ಇದೆ. ಕೇಳಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಶುಲ್ಕ ಕಟ್ಟಬೇಕು.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಕ್ಲೌಡ್ ಖಾತೆ ತೆರೆಯುವಾಗ ಕಾರ್ಡ್ ಕೇಳುತ್ತಾರೆ. ಉಚಿತ ಮಿತಿ ದಾಟಿದರೆ, ಚಾಲೂ ಮಾಡಿದ ಸರ್ವರ್ ಬಂದ್ ಮಾಡಲು ಮರೆತರೆ, ಬಿಲ್ಲು ಓಡುತ್ತಲೇ ಇರುತ್ತದೆ. ರಾತ್ರಿ ಪಂಪ್‌ಸೆಟ್ ಆಫ್ ಮಾಡದೆ ಮಲಗಿದರೆ ನೀರು ಹರಿದ ಹಾಗೆ ದುಡ್ಡು ಹರಿಯುತ್ತದೆ. ನಮಗೆ ಗೊತ್ತಿರುವ ಒಬ್ಬ ಹುಡುಗನಿಗೆ ಹೀಗೆ ಸಾವಿರಾರು ರೂಪಾಯಿ ಬಿಲ್ಲು ಬಂದು ಎರಡು ದಿನ ಊಟ ಬಿಟ್ಟು ಕೂತಿದ್ದ. ಖಾತೆ ತೆರೆದ ದಿನವೇ ಬಿಲ್ಲಿನ ಮಿತಿಗೆ ಎಚ್ಚರಿಕೆ ಸಂದೇಶ ಬರುವಂತೆ ಮಾಡಿಕೊಳ್ಳಿ. ಕಾರ್ಡಿಲ್ಲದ ದಾರಿಯೂ ಇದೆ. ಕಾಲೇಜಿನ ಇಮೇಲ್ ಇದ್ದರೆ 'ಅಜೂರ್ ಫಾರ್ ಸ್ಟೂಡೆಂಟ್ಸ್'ನಲ್ಲಿ ಕಾರ್ಡ್ ಕೊಡದೆ 100 ಡಾಲರ್ ಮೊತ್ತದ ಬಳಕೆ ಸಿಗುತ್ತದೆ. 'ಎಡಬ್ಲ್ಯುಎಸ್ ಎಜುಕೇಟ್'ಗೂ ಕಾರ್ಡ್ ಬೇಡ. ನಿಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಇಮೇಲ್ ಕೊಟ್ಟಿಲ್ಲವಾದರೆ ಪ್ರಾಂಶುಪಾಲರನ್ನು ಕೇಳಿ.

ಕೊನೆಗೆ ಪರೀಕ್ಷೆ. ಅಮೆಜಾನಿನ ಮೊದಲ ಹಂತದ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೆ 100 ಡಾಲರ್, ಅಂದರೆ ಡಾಲರ್ ದರ ನೋಡಿ ಎಂಟೊಂಬತ್ತು ಸಾವಿರ ರೂಪಾಯಿ, ಮೇಲೆ ತೆರಿಗೆ. 90 ನಿಮಿಷ, 65 ಪ್ರಶ್ನೆ, ಸಾವಿರಕ್ಕೆ 700 ಬಂದರೆ ಪಾಸು. ಮುಂದಿನ ಹಂತದ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ಗೆ 150 ಡಾಲರ್. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ ಎರಡು ವರ್ಷದವರೆಗೆ ಸಿಗುತ್ತದೆ. ಪದವೀಧರರಿಗೆ ಮೂರು ನಾಲ್ಕು ತಿಂಗಳ ಯುವನಿಧಿ ಸೇರಿಸಿದರೆ ಒಂದು ಪರೀಕ್ಷೆ ಶುಲ್ಕ. ನಾವು ಕಂಡಂತೆ ಆ ದುಡ್ಡಿಗೆ ಇದಕ್ಕಿಂತ ಒಳ್ಳೆ ಬಳಕೆ ಕಡಿಮೆ.

ಆದರೆ ಸರ್ಟಿಫಿಕೇಟ್ ಒಂದೇ ಕೆಲಸ ಕೊಡಿಸುವುದಿಲ್ಲ. ಏನಾದರೂ ಕಟ್ಟಿ ತೋರಿಸಬೇಕು. ನಿಮ್ಮ ಊರಿನ ಹಾಲಿನ ಡೇರಿಯ ಲೆಕ್ಕ, ಗಂಗಾವತಿ ಎಪಿಎಂಸಿಯ ಭತ್ತದ ದರ, ಕಿನ್ನಾಳದ ಗೊಂಬೆ ಮಾಡುವವರ ಪಟ್ಟಿ, ಯಾವುದಕ್ಕಾದರೂ ಒಂದು ಸಣ್ಣ ತಾಣ ಮಾಡಿ ಕ್ಲೌಡ್‌ನಲ್ಲಿ ಆರು ತಿಂಗಳು ನಿಲ್ಲದಂತೆ ನಡೆಸಿ. ಎಷ್ಟು ಸಲ ಕೆಟ್ಟಿತು, ಹೇಗೆ ಸರಿ ಮಾಡಿದಿರಿ ಅಂತ ಬರೆದಿಡಿ. ಸಂದರ್ಶನದಲ್ಲಿ ಆ ಪುಸ್ತಕ ತೆರೆದು ಮಾತಾಡಿದವರು ಉಳಿದವರಿಗಿಂತ ಬೇರೆಯೇ ಕಾಣುತ್ತಾರೆ ಅಂತ ಸಂದರ್ಶನ ಮಾಡುವ ಸ್ಥಾನದಲ್ಲಿರುವ ನಮ್ಮ ಜಿಲ್ಲೆಯವರೇ ಒಬ್ಬರು ಹೇಳಿದರು.

ಇಂಥವರಿಂದ ದೂರ ಇರಿ

ಎಲ್ಲ ಕೋಚಿಂಗ್ ಸಂಸ್ಥೆಗಳೂ ಕೆಟ್ಟವಲ್ಲ. ಒಳ್ಳೆ ಮೇಷ್ಟ್ರು ಸಿಕ್ಕರೆ ಒಂದು ವರ್ಷದ ದಾರಿ ಆರು ತಿಂಗಳಾಗಬಹುದು. ಆದರೆ ಈ ಮಾತು ಕೇಳಿದ ಕೂಡಲೇ ಎದ್ದು ಬನ್ನಿ.

"ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂದರೆ, ಅದನ್ನು ಸಹಿ ಹಾಕಿದ ಕಾಗದದಲ್ಲಿ ಕೊಡಲು ಹೇಳಿ. ಕೊಡುವುದಿಲ್ಲ.

"ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ರ ಇರಲಿ" ಅಂದರೆ, ಕೊಡಬೇಡಿ. ಆಮೇಲೆ ಅದನ್ನು ಬಿಡಿಸಿಕೊಳ್ಳಲು ಬೇರೆ ದುಡ್ಡು ಕೊಡಬೇಕಾಗುತ್ತದೆ.

"ಮೂರು ವರ್ಷದ ಅನುಭವ ಪತ್ರ ನಾವು ಮಾಡಿಸಿ ಕೊಡ್ತೀವಿ" ಅಂದರೆ, ಅದು ಸುಳ್ಳು ದಾಖಲೆ. ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ.

"ಇಷ್ಟು ಲಕ್ಷ ಕೊಟ್ಟರೆ ಹಿಂಬಾಗಿಲಿಂದ ಕೆಲಸ" ಅಂದರೆ, ಹಿಂಬಾಗಿಲೂ ಇಲ್ಲ, ಮುಂಬಾಗಿಲೂ ಇಲ್ಲ. ಆನ್‌ಲೈನಿನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾಚಿಕೆ ಪಟ್ಟು ಮುಚ್ಚಿಡಬೇಡಿ.

ಜಿಲ್ಲೆ ಏನು ಮಾಡಬೇಕು?

ಎಲ್ಲ ಹೊರೆಯನ್ನೂ ಹುಡುಗರ ತಲೆ ಮೇಲೆ ಹಾಕಿ ಸುಮ್ಮನಾಗುವುದು ನಮಗೆ ಸರಿ ಕಾಣುವುದಿಲ್ಲ. ಬೆಂಗಳೂರಿನಾಚೆಗೆ ಐಟಿ ಒಯ್ಯುತ್ತೇವೆ ಅಂತ ಸರ್ಕಾರ 'ಬಿಯಾಂಡ್ ಬೆಂಗಳೂರು' ಶುರುಮಾಡಿದಾಗ ಹೆಸರಿಸಿದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ. ಕೊಪ್ಪಳ ಆ ಪಟ್ಟಿಯಲ್ಲಿ ಇರಲಿಲ್ಲ. ನಮಗೆ ಸಿಗುವುದು ಕಾರ್ಖಾನೆ. ಅದರ ಧೂಳು ಸಾಕಾಗಿ 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಬೀದಿಗಿಳಿದರು. ಧೂಳು ಬೇಡ ಅಂದ ಮೇಲೆ ಬೇರೆ ಯಾವ ಕೆಲಸ ಬೇಕು ಅಂತ ಹೇಳುವ ಹೊಣೆಯೂ ನಮ್ಮ ಮೇಲಿದೆ. ಕ್ಲೌಡ್ ಕೇಂದ್ರಗಳಿಗೂ ಬಹಳ ಕರೆಂಟು, ನೀರು ಬೇಕು, ಅಂಥದ್ದನ್ನು ಇಲ್ಲಿ ಕಟ್ಟಿ ಅಂತ ನಾವು ಕೇಳುತ್ತಿಲ್ಲ. ಅದನ್ನು ನಡೆಸುವ ಜನ ಇಲ್ಲಿ ತಯಾರಾಗಲಿ ಅಂತ ಕೇಳುತ್ತಿದ್ದೇವೆ.

ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗಂಗಾವತಿಯಲ್ಲಿ, ತಳಕಲ್‌ನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇವೆ. ಜಿಲ್ಲೆಗೆ ಒಂದು ವಿಶ್ವವಿದ್ಯಾಲಯವೂ ಬಂದಿದೆ. ಈ ಲ್ಯಾಬುಗಳು ರಾತ್ರಿ ಎಂಟರವರೆಗೆ, ಭಾನುವಾರವೂ ತೆರೆದಿರಲಿ. ಹೊರಗಿನ ಕಾಲೇಜಿನ ಮಕ್ಕಳಿಗೂ ಗುರುತಿನ ಚೀಟಿ ನೋಡಿ ಬಿಡಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ ಬಂದ ಕಂಪ್ಯೂಟರ್‌ಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಲಿ. ಪಠ್ಯದಲ್ಲಿ ಕ್ಲೌಡ್ ಅನ್ನುವುದು ಪ್ರಶ್ನೆಪತ್ರಿಕೆಯ ಹತ್ತು ಅಂಕದ ಟಿಪ್ಪಣಿಯಾಗಿ ಉಳಿಯದೆ ಲ್ಯಾಬಿನಲ್ಲಿ ಮಾಡುವ ಕೆಲಸವಾಗಲಿ.

ಹೊರಗೆ ಹೋಗಿ ಗೆದ್ದವರಲ್ಲೂ ಒಂದು ಮಾತು. ಜಾತ್ರೆಗೆ, ಗವಿಮಠದ ರಥ ನೋಡಲು ನೀವೆಲ್ಲ ಊರಿಗೆ ಬರುತ್ತೀರಿ. ಆ ಎರಡು ಮೂರು ದಿನದಲ್ಲಿ ಅರ್ಧ ದಿನ ನಿಮ್ಮ ಹಳೇ ಕಾಲೇಜಿಗೆ ಹೋಗಿ, ಲ್ಯಾಪ್‌ಟಾಪ್ ತೆರೆದು ಮಕ್ಕಳ ಮುಂದೆ ಕೂರಿ. ಭಾಷಣ ಬೇಡ, ಮಾಡಿ ತೋರಿಸಿ. ಆಮೇಲೆ ತಿಂಗಳಿಗೊಮ್ಮೆ ಒಂದು ಗಂಟೆ ಫೋನಿನಲ್ಲಿ ಸಿಕ್ಕರೆ ಸಾಕು. ಊರಲ್ಲಿ ಇಲ್ಲದ ಆ ಒಬ್ಬ ಅಣ್ಣ, ಒಬ್ಬ ಅಕ್ಕ ನೀವೇ ಆಗಬಹುದು.

"ಎಲ್ಲರೂ ಕಲಿತು ಊರು ಬಿಟ್ಟರೆ ಒಕ್ಕಲುತನ ಮಾಡೋರ್ಯಾರು?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿಯಿಂದ ಮಂಗಳೂರು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಸ್ಸು ತುಂಬಿ ಹೋಗುವುದು ನಿಂತಿಲ್ಲ. ಊರು ಬಿಡುವುದು ಮೊದಲಿನಿಂದಲೂ ಇದೆ. ಏನು ಕೈಯಲ್ಲಿ ಹಿಡಿದು ಬಿಡುತ್ತೇವೆ ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. 2025ರಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ಅದರಲ್ಲಿ ಗಾರೆ ಕೆಲಸದ ಚೀಲದ ಜೊತೆ ನಾಲ್ಕು ಲ್ಯಾಪ್‌ಟಾಪ್ ಚೀಲಗಳೂ ಹತ್ತಲಿ. ಇದು ಎಲ್ಲರಿಗೂ ಆಗುವ ಕೆಲಸ ಅಂತಲೂ ನಾವು ಹೇಳುತ್ತಿಲ್ಲ. ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುತ್ತಿರುವವರು ಅದನ್ನು ಬಿಟ್ಟು ಓಡಿ ಬರಬೇಕಿಲ್ಲ. ಮೂರು ತಿಂಗಳು ಲಿನಕ್ಸ್ ಮಾಡಿ ಬೇಸರ ಬಂದರೆ ಬಿಟ್ಟುಬಿಡಿ. ಹೋಗುವುದು ಮೂರು ತಿಂಗಳು ಅಷ್ಟೇ, ಎರಡು ಎಕರೆ ಹೋಗುವುದಿಲ್ಲ.

ಕಳೆದ ವಾರ ಯಲಬುರ್ಗಾದ ಆ ಹಿರಿಯರಿಗೆ ಫೋನ್ ಮಾಡಿದೆವು. "ಕಾಕಾ, ಹೊಲ ಇರ್ಲಿ. ಹಳೇ ಲ್ಯಾಪ್‌ಟಾಪ್ ಒಂದು ಕೊಡಸ್ರಿ. ಆರು ತಿಂಗಳು ಅಂವ ದಿನಾ ಕುಂತು ಏನ್ ಮಾಡ್ತಾನ ನೋಡ್ರಿ. ಆಮ್ಯಾಲೆ ಮಾತಾಡೋಣು" ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಲ್ಯಾಪ್‌ಟಾಪ್ ಎಷ್ಟಕ್ಕ ಬರ್ತೈತ್ರಿ? ಸಣ್ಣಾಕಿನೂ ಅದರಾಗ ಕಲೀಬೋದೇನು?"

ಕಲಿಯಬಹುದು ಕಾಕಾ. ಇಬ್ಬರೂ ಕಲಿಯಬಹುದು.